ನೌಕಾಪಡೆಯ ಹುಡುಗನ ತಾಯಿಗೆ ನಾಲ್ಕು ಮಾತು

ಮನೆಯ ಹುಡುಗ ನೌಕಾಪಡೆಗೆ ಆಯ್ಕೆಯಾದನೆಂದರೆ ಊರಿಗೆ ಊರೇ ಸಂತೋಷಪಡುತ್ತದೆ. ಶಾಲೆಯಲ್ಲಿ ಹಾರ ಹಾಕುತ್ತಾರೆ, ನೆಂಟರು ಬಂದು ಊಟ ಮಾಡಿ ಹೋಗುತ್ತಾರೆ, ಹೊರಡುವ ದಿನ ಬಣಕಲ್ ಬಸ್ ನಿಲ್ದಾಣದಲ್ಲಿ ಹತ್ತು ಹದಿನೈದು ಜನ ಸೇರುತ್ತಾರೆ. ಬಸ್ಸು ಮೂಡಿಗೆರೆಯ ಕಡೆಗೆ ತಿರುಗಿದ ಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ. ಉಳಿಯುವವಳು ತಾಯಿ. ಹುಡುಗನಿಗೆ ಎಷ್ಟು ಓಡಬೇಕು, ಪರೀಕ್ಷೆಗೆ ಏನು ಓದಬೇಕು ಎಂದು ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಅವನನ್ನು ಕಳಿಸಿದ ತಾಯಿ ಏನು ತಿಳಿದಿರಬೇಕು ಎಂದು ಹೇಳುವವರು ಕಡಿಮೆ. ಈ ಮಾತು ಆ ತಾಯಂದಿರಿಗಾಗಿ.

ಕೊಡಗಿನಲ್ಲಿ ಸೈನ್ಯದ ಬದುಕು ಮನೆಮನೆಯ ವಿಷಯ. ಮಗನನ್ನು ಕಳಿಸಿದ ತಾಯಿಗೆ ಧೈರ್ಯ ಹೇಳಲು ಅಲ್ಲಿ ಅತ್ತೆ ಇರುತ್ತಾರೆ, ಚಿಕ್ಕಮ್ಮ ಇರುತ್ತಾರೆ, ಅವರೂ ಒಂದು ಕಾಲದಲ್ಲಿ ಕಾಗದಕ್ಕಾಗಿ ಕಾದವರೇ. ನಮ್ಮ ಮೂಡಿಗೆರೆ, ಕಳಸದ ಕಡೆ ಹಾಗಿಲ್ಲ. ಇಲ್ಲಿ ತೋಟ, ಗದ್ದೆ, ಹೆಚ್ಚೆಂದರೆ ಬೆಂಗಳೂರಿನ ಕೆಲಸ. ಕಡಲನ್ನು ನಾವು ಕಾಣುವುದು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದಾಗ ಮಾತ್ರ. ಹೀಗಾಗಿ ಪಕ್ಕದ ಮನೆಯವರನ್ನು ಕೇಳಿ ತಿಳಿಯೋಣವೆಂದರೆ ಅವರಿಗೂ ಗೊತ್ತಿರುವುದಿಲ್ಲ.

ನೌಕಾಪಡೆ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕಾರವಾರ. ಅಲ್ಲಿ 2005ರಿಂದ ಐಎನ್‌ಎಸ್ ಕದಂಬ ನೆಲೆಯಿದೆ, ನಿಜ. ಆದರೆ ಹೊಸದಾಗಿ ಸೇರಿದ ನಾವಿಕ ಮೊದಲು ಹೋಗುವುದು ಒಡಿಶಾಕ್ಕೆ. ಖುರ್ದಾ ಜಿಲ್ಲೆಯಲ್ಲಿ ಚಿಲಿಕಾ ಸರೋವರದ ದಡದಲ್ಲಿ ಐಎನ್‌ಎಸ್ ಚಿಲ್ಕಾ ಎಂಬ ತರಬೇತಿ ಕೇಂದ್ರವಿದೆ. 1980ರಲ್ಲಿ ಆರಂಭವಾದ ಈ ಕೇಂದ್ರಕ್ಕೆ ಹಡಗಿನ ಹಾಗೆ ಹೆಸರಿದ್ದರೂ ಅದು ನೆಲದ ಮೇಲಿನ ಶಾಲೆಯೇ. ನೌಕಾಪಡೆಯಲ್ಲಿ ದಡದ ಮೇಲಿನ ಕೇಂದ್ರಗಳಿಗೂ ಐಎನ್‌ಎಸ್ ಎಂದೇ ಕರೆಯುವ ಪದ್ಧತಿ. ‘ಮಗ ಆಗಲೇ ಹಡಗಿನಲ್ಲಿದ್ದಾನೆ’ ಎಂದು ರಾತ್ರಿಯೆಲ್ಲ ನಿದ್ರೆಗೆಡುವ ತಾಯಿ ಇಷ್ಟು ತಿಳಿದರೂ ಅರ್ಧ ನಿರಾಳವಾಗುತ್ತಾಳೆ.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾದ ಮೇಲೆ ನಾವಿಕರಾಗಿ ಸೇರುವ ಹುಡುಗರು ಅಗ್ನಿವೀರರೆನಿಸಿಕೊಳ್ಳುತ್ತಾರೆ. ಮೊದಲ ತಂಡದಲ್ಲಿ ಸುಮಾರು 2600 ಮಂದಿ ಚಿಲ್ಕಾದಲ್ಲಿ ತರಬೇತಿ ಮುಗಿಸಿ 2023ರ ಮಾರ್ಚ್ 28ರಂದು ಹೊರಬಂದರು. ಅವರಲ್ಲಿ 270ಕ್ಕೂ ಹೆಚ್ಚು ಹೆಣ್ಣುಮಕ್ಕಳು. ಆದ್ದರಿಂದ ನಾನು ಮಗ ಎಂದಲ್ಲೆಲ್ಲ ಮಗಳು ಎಂದೂ ಓದಿಕೊಳ್ಳಬೇಕು. ಮಗಳನ್ನು ಕಳಿಸಿದ ತಾಯಿ ಊರವರ ಮಾತನ್ನೂ ಕೇಳಬೇಕಾಗುತ್ತದೆ, ಅದೊಂದು ಹೆಚ್ಚಿನ ಹೊರೆ.

ಚಿಲ್ಕಾದ ತರಬೇತಿ ಸುಮಾರು 16 ವಾರ. ಈ 16 ವಾರಗಳಲ್ಲಿ ತಾಯಿಗೆ ಅತಿ ಕಷ್ಟದ ದಿನ ಯಾವುದು? ಮಗ ಹೊರಟ ದಿನವಲ್ಲ. ಎರಡನೆಯ ವಾರವೋ ಮೂರನೆಯ ವಾರವೋ ಬರುವ ಒಂದು ಫೋನು. ತರಬೇತಿಯಲ್ಲಿ ಮೊಬೈಲು ಸದಾ ಕೈಯಲ್ಲಿರುವುದಿಲ್ಲ. ಅನುಮತಿ ಕೊಟ್ಟ ದಿನ, ಕೊಟ್ಟಷ್ಟು ಹೊತ್ತು ಮಾತನಾಡಬೇಕು. ಆ ನಾಲ್ಕೈದು ನಿಮಿಷದಲ್ಲಿ ಹುಡುಗ ಹೇಳುತ್ತಾನೆ: ‘ಅವ್ವ, ನನ್ ಕೈಲಿ ಆಗಲ್ಲ, ಮನೆಗೆ ಬಂದ್ಬಿಡ್ತೀನಿ.’

ಇದಕ್ಕೆ ತಾಯಂದಿರು ಕೊಡುವ ಉತ್ತರ ಸಾಮಾನ್ಯವಾಗಿ ಎರಡು ಬಗೆ. ಒಬ್ಬರು ಅಳುತ್ತಾ ‘ಬಂದ್ಬಿಡು ಮಗಾ, ಇದ್ದ ತೋಟ ನೋಡ್ಕೊಂಡಿರು’ ಎನ್ನುತ್ತಾರೆ. ಇನ್ನೊಬ್ಬರು, ಹಿಂದೆ ನಿಂತ ಗಂಡನ ಮುಖ ನೋಡಿ, ‘ಊರಲ್ಲಿ ಮರ್ಯಾದೆ ತೆಗೀಬೇಡ’ ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎರಡೂ ಸರಿಯಲ್ಲ. ಮೊದಲನೆಯದು ಅವನ ಕಾಲು ಕೀಳಿಸುತ್ತದೆ, ಎರಡನೆಯದು ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿದ ಹುಡುಗ ಮುಂದಿನ ವಾರ ನಿಜವಾದ ತೊಂದರೆ ಬಂದರೂ ಹೇಳುವುದಿಲ್ಲ.

ಆ ದಿನ ಬಾ ಎಂದೂ ಹೇಳಬೇಡಿ, ಬರಬೇಡ ಎಂದೂ ಹೇಳಬೇಡಿ. ಏನಾಯಿತು ಎಂದು ಕೇಳಿ. ಊಟ ಸೇರುತ್ತಿಲ್ಲವೇ, ನಿದ್ರೆ ಸಾಲದೇ, ಯಾರಾದರೂ ಗದರಿದರೇ, ಕಾಲು ನೋವೇ ಎಂದು ಒಂದೊಂದಾಗಿ ಕೇಳಿ. ಹೇಳಲು ಬಿಡಿ. ಕೊನೆಗೆ, ‘ಮುಂದಿನ ಸಲ ಫೋನ್ ಮಾಡಿದಾಗ ಇದೇ ವಿಷಯ ಮತ್ತೆ ಮಾತಾಡೋಣ’ ಎಂದು ಹೇಳಿ. ಅಲ್ಲಿಗೆ ಅವನಿಗೆ ಒಂದು ವಾರದ ಗಡುವು ಸಿಕ್ಕಿತು. ಬಹಳ ಮಂದಿ ಹುಡುಗರಿಗೆ ಆ ಒಂದು ವಾರದಲ್ಲಿ ಪಕ್ಕದ ಮಂಚದವನ ಸ್ನೇಹವಾಗಿರುತ್ತದೆ, ಕಾಲು ಪಳಗಿರುತ್ತದೆ, ಮುಂದಿನ ಫೋನಿನಲ್ಲಿ ಆ ಮಾತೇ ಇರುವುದಿಲ್ಲ. ನೀವು ಅದನ್ನು ನೆನಪಿಸಲೂ ಹೋಗಬೇಡಿ.

ನಮ್ಮ ಕಡೆಯ ಹುಡುಗರಿಗೆ ಆಗುವ ಕಷ್ಟ ಇಂಥದೇ ಎಂದು ಊಹಿಸಬಹುದು. ಓಟಕ್ಕಿಂತ ಮೊದಲು ಕಾಡುವುದು ಹಿಂದಿ. ಆಜ್ಞೆ, ಪಾಠ, ಬೈಗುಳ ಎಲ್ಲವೂ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಅರ್ಥವಾಗದೆ ಒಂದು ಕ್ಷಣ ತಡವಾದರೆ ಸೋಮಾರಿ ಎನಿಸಿಕೊಳ್ಳಬೇಕು. ಹೋಗುವ ಮೊದಲು ಎರಡು ಮೂರು ತಿಂಗಳು ಹಿಂದಿ ಕೇಳಿಸಿಕೊಳ್ಳುವ ಅಭ್ಯಾಸ ಮಾಡಿಸಿದರೆ ಬೇರೆ ಯಾವ ತಯಾರಿಗಿಂತಲೂ ಅದು ಉಪಕಾರ. ಇನ್ನು ಹವೆ. ಮಂಜು ಮಳೆಯಲ್ಲಿ ಬೆಳೆದವನಿಗೆ ಒಡಿಶಾದ ಕರಾವಳಿಯ ಸೆಕೆ ಬೇಗ ಸುಸ್ತು ಮಾಡುತ್ತದೆ. ನೀರು ಕುಡಿಯಲು ಹೇಳಬೇಕು. ಅಕ್ಕಿರೊಟ್ಟಿ, ಕಡುಬು ತಿಂದವನಿಗೆ ದಿನಾ ಚಪಾತಿ. ಮತ್ತೆ ಈಜು. ಹೇಮಾವತಿಯ ಹೊಳೆಯಲ್ಲಿ ಮುಳುಗಿ ಎದ್ದವನು ತನಗೆ ಈಜು ಬರುತ್ತದೆ ಎಂದುಕೊಂಡಿರುತ್ತಾನೆ. ಅಲ್ಲಿ ಕೊಳದಲ್ಲಿ ಅಳತೆ ಹಾಕಿ, ಹೊತ್ತು ನೋಡಿ ಈಜಿಸುತ್ತಾರೆ. ‘ನಂಗೆ ಈಜೂ ಬರಲ್ಲ ಅಂತ ಗೊತ್ತಾಯ್ತು’ ಎಂದು ಹುಡುಗ ನಾಚಿದರೆ ನಗಬೇಡಿ. ಬಾರದವರಿಗೆ ಅಲ್ಲಿ ಕಲಿಸಿಯೇ ಕಳಿಸುತ್ತಾರೆ.

ಕಾಲು ನೋವಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಚಿಕಿತ್ಸೆಗೆ ಹೋದರೆ ತಂಡದಿಂದ ಹಿಂದೆ ಬೀಳುತ್ತೇನೆ, ಮುಂದಿನ ತಂಡದೊಡನೆ ಮತ್ತೆ ಮಾಡಬೇಕಾಗುತ್ತದೆ ಎಂಬ ಹೆದರಿಕೆಯಿಂದ ಹುಡುಗರು ಮೊಣಕಾಲಿನ, ಮೊಣಕಾಲ ಕೆಳಗಿನ ಎಲುಬಿನ ನೋವನ್ನು ಮುಚ್ಚಿಡುತ್ತಾರೆ. ಎಲುಬಿಗೆ ಬಿರುಕು ಬಿದ್ದ ಮೇಲೆ ತಿಂಗಳುಗಟ್ಟಲೆ ಹಾಳು. ನೋವಿದ್ದರೆ ಇವತ್ತೇ ಅಲ್ಲಿನ ಡಾಕ್ಟರಿಗೆ ತೋರಿಸು ಎಂದು ತಾಯಿ ಹೇಳಿದರೆ ಆ ಮಾತಿಗೆ ಬೆಲೆಯಿದೆ.

‘ಓಡಿ ಬಾ’ ಎಂಬ ಮಾತು ಮಾತ್ರ ಬಾಯಿತಪ್ಪಿಯೂ ಬರಬಾರದು. ಅಪ್ಪಣೆಯಿಲ್ಲದೆ ಶಿಬಿರ ಬಿಟ್ಟು ಬರುವುದು ಸೈನಿಕ ಕಾನೂನಿನಲ್ಲಿ ಅಪರಾಧ. ಅಗ್ನಿವೀರ ತನ್ನ ಇಚ್ಛೆಯಿಂದ ನಡುವೆ ಬಿಡುವುದಕ್ಕೂ ಸಾಮಾನ್ಯವಾಗಿ ಅವಕಾಶವಿಲ್ಲ; ತೀರ ಅಸಾಧಾರಣ ಕಾರಣವಿದ್ದರೆ ಮೇಲಧಿಕಾರಿಗಳ ಒಪ್ಪಿಗೆ ಬೇಕು. ಅದಕ್ಕೊಂದು ದಾರಿಯಿದೆ. ನೌಕಾಪಡೆಯಲ್ಲಿ ಪ್ರತಿ ಗುಂಪಿಗೂ ಒಬ್ಬ ಡಿವಿಷನಲ್ ಆಫೀಸರ್ ಇರುತ್ತಾರೆ. ಆ ಹುಡುಗರ ಯೋಗಕ್ಷೇಮ, ಕುಟುಂಬದ ತೊಂದರೆ, ರಜೆ ಎಲ್ಲವನ್ನೂ ವಿಚಾರಿಸುವುದು ಅವರ ಕೆಲಸವೇ. ನಿಮ್ಮ ಮಗನ ಡಿವಿಷನ್ ಯಾವುದು, ಅಧಿಕಾರಿಯ ಹೆಸರೇನು ಎಂದು ಮೊದಲ ಫೋನಿನಲ್ಲೇ ಕೇಳಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಮನೆ ನೆನಪಿನ ಅಳು ಬೇರೆ, ಮನಸ್ಸಿನ ಕಾಯಿಲೆ ಬೇರೆ. ವಾರಗಳು ಕಳೆದರೂ ನಿದ್ರೆಯಿಲ್ಲ, ಊಟವಿಲ್ಲ, ಮಾತೇ ಇಲ್ಲ, ಅಥವಾ ‘ನಾನಿದ್ದೇನು ಪ್ರಯೋಜನ’ ಎಂಬಂಥ ಮಾತು ಬಂತೆಂದರೆ ಮುಂದಿನ ಫೋನಿಗೆ ಕಾಯಬೇಡಿ. ಅದೇ ದಿನ ತರಬೇತಿ ಕೇಂದ್ರಕ್ಕೆ ಫೋನ್ ಮಾಡಿ ಹೇಳಿ. ಟೆಲಿ ಮನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ಸೈನಿಕರಿಗೂ ಅವರ ಮನೆಯವರಿಗೂ ಎಂದೇ ಇದರದೊಂದು ಘಟಕವನ್ನು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆದರು. ನಿದ್ರೆ ಬಾರದ ತಾಯಿಯೂ ಈ ಸಂಖ್ಯೆಗೆ ಫೋನ್ ಮಾಡಬಹುದು, ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಚಿಂತೆ ಒಂದೇ ಕಡೆಯಿಂದ ಎಂದು ತಿಳಿಯಬಾರದು. 2019ರ ಆಗಸ್ಟ್ ಮಳೆಯಲ್ಲಿ ಮಲೆಮನೆಯ ಕಡೆ ಗುಡ್ಡ ಕುಸಿದು ಚಾರ್ಮಾಡಿ ರಸ್ತೆ ಮುಚ್ಚಿದಾಗ ದೂರದ ಊರುಗಳಲ್ಲಿದ್ದ ನಮ್ಮ ಮಕ್ಕಳು ಪಟ್ಟ ಪಾಡು ನೆನೆಯಿರಿ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ವಾರಕ್ಕೊಮ್ಮೆ ಸಿಗುವ ಐದು ನಿಮಿಷದಲ್ಲಿ ಮಗ ಫೋನ್ ಮಾಡುತ್ತಾನೆ, ಅವನಿಗೆ ಕೇಳಿಸುವುದು ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಮಾತು. ಅದಕ್ಕೆ ಉಪಾಯವೆಂದರೆ ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ಒಬ್ಬ ನೆಂಟರ ನಂಬರನ್ನು ಅವನಿಗೆ ಬರೆದುಕೊಟ್ಟು ಕಳಿಸುವುದು. ಅವರಿಗೆ ಸುದ್ದಿ ಮುಟ್ಟಿದರೆ ಬಸ್ಸಿನ ಕಂಡಕ್ಟರ ಕೈಯಲ್ಲಾದರೂ ನಿಮಗೆ ಮುಟ್ಟುತ್ತದೆ.

ಮನೆಯ ಕೆಟ್ಟ ಸುದ್ದಿಯನ್ನು ಹೇಳಬೇಕೇ ಮುಚ್ಚಿಡಬೇಕೇ ಎಂದು ಅನೇಕರು ಕೇಳುತ್ತಾರೆ. ಹಸು ಸತ್ತಿತು, ಮಳೆಗೆ ಕಾಫಿ ಉದುರಿತು, ದಾಯಾದಿಗಳ ಜಗಳ ಮತ್ತೆ ಎದ್ದಿತು ಎಂಬುದನ್ನೆಲ್ಲ ಅವನಿಗೆ ಹೇಳಿ ಪ್ರಯೋಜನವಿಲ್ಲ. ಆದರೆ ಅಜ್ಜ ತೀರಿಕೊಂಡದ್ದನ್ನು, ಅಪ್ಪನ ಆಪರೇಷನ್ನನ್ನು ಮುಚ್ಚಿಡಬೇಡಿ. ಇನ್ನೊಬ್ಬರ ಸ್ಟೇಟಸ್ಸಿನಲ್ಲಿ ಅದನ್ನು ನೋಡಿದ ಹುಡುಗ ಮುಂದೆ ನೀವು ‘ಎಲ್ಲಾ ಚೆನ್ನಾಗಿದೆ’ ಎಂದಾಗಲೂ ನಂಬುವುದಿಲ್ಲ.

ಕಾಗದ ಬರೆಯಿರಿ. ಈಗಿನ ಕಾಲದಲ್ಲಿ ಕಾಗದವೇ ಎಂದು ನಗಬಹುದು. ಮೊಬೈಲು ಕೈಯಲ್ಲಿಲ್ಲದವನಿಗೆ ಕಾಗದವೇ ಮೊಬೈಲು, ಎಷ್ಟು ಸಲ ಬೇಕಾದರೂ ತೆಗೆದು ಓದಬಹುದು. ನಾಯಿ ಮರಿ ಹಾಕಿದ್ದು, ಏಪ್ರಿಲಿನ ಮಳೆಗೆ ತೋಟ ಹೂಬಿಟ್ಟಿದ್ದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದದ್ದು, ಇಂಥವನ್ನೇ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಇಡೀ ವಾರದಲ್ಲಿ ಅವನು ಓದುವ ಕನ್ನಡ ಅಷ್ಟೇ ಇರಬಹುದು.

ಚಿಲ್ಕಾ ಮುಗಿದ ಮೇಲೆ ಹಡಗಿನ ತರಬೇತಿ, ಆಮೇಲೆ ಅವರವರ ಕೆಲಸದ ಶಾಲೆ. ಎಂಜಿನ್ ವಿಭಾಗಕ್ಕೆ ಲೋಣಾವಳದ ಐಎನ್‌ಎಸ್ ಶಿವಾಜಿ, ವಿದ್ಯುತ್ ವಿಭಾಗಕ್ಕೆ ಜಾಮ್‌ನಗರದ ಐಎನ್‌ಎಸ್ ವಲ್ಸುರಾ, ಹೀಗೆ. ಹಡಗು ಹೊರಟರೆ ವಾರಗಟ್ಟಲೆ ಸುದ್ದಿಯಿರುವುದಿಲ್ಲ. ಎಲ್ಲಿದ್ದೀಯ, ಎಲ್ಲಿಗೆ ಹೊರಟೆ ಎಂದು ಕೇಳಬೇಡಿ, ಅವನು ಹೇಳುವಂತಿಲ್ಲ. 2019ರ ಡಿಸೆಂಬರ್‌ನಲ್ಲಿ ಸಾಮಾಜಿಕ ಜಾಲತಾಣದ ಬಲೆಗೆ ಬಿದ್ದು ಮಾಹಿತಿ ಕೊಟ್ಟರೆಂಬ ಆರೋಪದ ಮೇಲೆ ಏಳು ನಾವಿಕರ ಬಂಧನವಾಯಿತು. ಅದರ ಬೆನ್ನಲ್ಲೇ ನೌಕಾನೆಲೆ ಮತ್ತು ಯುದ್ಧನೌಕೆಗಳಲ್ಲಿ ಸ್ಮಾರ್ಟ್‌ಫೋನು, ಫೇಸ್‌ಬುಕ್ಕುಗಳನ್ನು ನಿಷೇಧಿಸಿದರು. ಅವನ ಹಡಗಿನ ಹೆಸರು, ಸಮವಸ್ತ್ರದ ಫೋಟೋ, ರಜೆಯ ದಿನಾಂಕಗಳನ್ನು ಹೆಮ್ಮೆಗೆಂದು ಸ್ಟೇಟಸ್ಸಿಗೆ ಹಾಕುವ ಅಕ್ಕ ತಂಗಿಯರಿಗೆ ನೀವೇ ತಿಳಿಹೇಳಬೇಕು. ‘ನಿಮ್ಮ ಮಗನ ಆಫೀಸಿನಿಂದ’ ಎಂದು ಫೋನ್ ಮಾಡಿ ಹಣ ಕೇಳುವವರಿಗೆ, ವಿವರ ಕೇಳುವವರಿಗೆ ಏನನ್ನೂ ಹೇಳದೆ ಫೋನ್ ಇಡಿ.

ಟಿವಿ ಸುದ್ದಿಯ ಬಗ್ಗೆಯೂ ಒಂದು ಮಾತು. ಟಿವಿಯವರೇ ಅಚ್ಚು ಹಾಕಿಸುವ ಪುಟದಲ್ಲಿ ಇದನ್ನು ಹೇಳುತ್ತಿದ್ದೇನೆ, ಕ್ಷಮಿಸಬೇಕು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಘರ್ಷಣೆ ನಡೆದ ದಿನಗಳಲ್ಲಿ, ನಮ್ಮ ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿತೆಂದು ಕೆಲವು ವಾಹಿನಿಗಳು ಕೂಗಿ ಹೇಳಿದವು. ಅದು ನಿಜವಾಗಿರಲಿಲ್ಲ. ಆ ರಾತ್ರಿ ಎಷ್ಟು ಮನೆಗಳಲ್ಲಿ ತಾಯಂದಿರು ದೇವರ ಮುಂದೆ ಕೂತಿದ್ದರೋ. ಏನಾದರೂ ಆದರೆ ಇಲಾಖೆಯೇ ದಾಖಲೆಯಲ್ಲಿರುವ ವಿಳಾಸಕ್ಕೆ, ನಂಬರಿಗೆ ತಿಳಿಸುತ್ತದೆ. ಆ ವಿಳಾಸ, ನಂಬರು ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದು ಟಿವಿ ನೋಡುವುದಕ್ಕಿಂತ ಮುಖ್ಯ.

ಹಣದ ಲೆಕ್ಕವನ್ನು ಮೊದಲೇ ತಿಳಿದಿದ್ದರೆ ಮನೆಯಲ್ಲಿ ಮನಸ್ತಾಪವಿರುವುದಿಲ್ಲ. 2022ರಲ್ಲಿ ಪ್ರಕಟವಾದ ನಿಯಮದಂತೆ ಮೊದಲ ವರ್ಷದ ಸಂಬಳ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಶೇಕಡಾ 30, ಅಂದರೆ 9,000 ಸೇವಾನಿಧಿಗೆ ಹೋಗಿ ಕೈಗೆ ಬರುವುದು 21,000. ನಾಲ್ಕನೆಯ ವರ್ಷ ಸಂಬಳ 40,000 ಆಗುತ್ತದೆ. ಕಡಿತವಾದಷ್ಟೇ ಹಣವನ್ನು ಸರ್ಕಾರವೂ ಸೇರಿಸಿ, ನಾಲ್ಕು ವರ್ಷ ಮುಗಿದಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ತೆರಿಗೆಯಿಲ್ಲದೆ ಕೊಡುತ್ತದೆ. ಸೇವೆಯಲ್ಲಿರುವಾಗ 48 ಲಕ್ಷದ ವಿಮೆ. ಪಿಂಚಣಿ ಇಲ್ಲ. ಮುಂದುವರಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು. ಅಂದರೆ ನಾಲ್ವರಲ್ಲಿ ಮೂವರು ಇಪ್ಪತ್ತೆರಡು ಇಪ್ಪತ್ತೈದರ ವಯಸ್ಸಿನಲ್ಲಿ ಮನೆಗೆ ಮರಳುತ್ತಾರೆ. ಇದು ಸೋಲಲ್ಲ, ನಿಯಮವೇ ಹಾಗೆ. ಅದನ್ನು ಇಂದೇ ಊರವರಿಗೂ ಹೇಳಿಟ್ಟಿದ್ದರೆ ಅಂದು ‘ಯಾಕೆ ಬಂದ?’ ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಅವನ ಸಂಬಳ ನೆಚ್ಚಿ ತೋಟಕ್ಕೆ, ತಂಗಿಯ ಮದುವೆಗೆ ಎಂಟು ಹತ್ತು ವರ್ಷದ ಸಾಲ ಮಾಡಬೇಡಿ.

ತರಬೇತಿ ಮುಗಿಯುವ ದಿನದ ಪೆರೇಡಿಗೆ ತಂದೆತಾಯಿಯರನ್ನು ಕರೆಯುವುದುಂಟು. ಮಗನಿಂದ ದಿನಾಂಕ ಖಚಿತವಾದ ಕೂಡಲೇ ರೈಲಿನ ಟಿಕೆಟ್ ಮಾಡಿಸಿ. ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿದ ಪ್ರಯಾಣ. ಒಳಗೆ ಬಿಡಲು ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ಕೇಳುತ್ತಾರೆ. 2023ರಲ್ಲಿ ಆ ಮೊದಲ ತಂಡದ ಪೆರೇಡು ಸೂರ್ಯ ಮುಳುಗಿದ ಮೇಲೆ ನಡೆಯಿತು. ಹಾಗಾಗಿ ಹಿಂದಿರುಗುವ ಟಿಕೆಟನ್ನು ಅದೇ ದಿನಕ್ಕೆ ಮಾಡಿಸಬೇಡಿ. ಮಗನಿಗೆ ಅಂದು ಮಾತನಾಡಲು ಸಿಗುವುದು ಪೆರೇಡು ಮುಗಿದ ಮೇಲೆಯೇ.