ಸೋಮಾರಿ ಎನ್ನುವ ಮೊದಲು



ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಶಾಲೆಗೆ ಕೀರ್ತಿ ತಂದವರನ್ನು ಅನೇಕರು ಸ್ಮರಿಸಿದ್ದಾರೆ. ಬಹುಮಾನಿತರ ಪಟ್ಟಿಯಲ್ಲಿ ಎಂದೂ ಹೆಸರು ಕಾಣದ ಮಕ್ಕಳ ಕುರಿತು ನಾವು ಕೆಲವು ಮಾತುಗಳನ್ನು ಆಡಬಯಸುತ್ತೇವೆ. ಪ್ರತಿ ತರಗತಿಯಲ್ಲಿಯೂ ಅಂತಹ ನಾಲ್ಕಾರು ಮಕ್ಕಳು ಇರುತ್ತಾರೆ. ಪುಸ್ತಕ ತೆರೆಯುವುದರಲ್ಲಿ ಅವರು ಹಿಂದೆ, ಆರಂಭಿಸಿದ್ದನ್ನು ಮುಗಿಸುವುದಿಲ್ಲ, ಹೋಂವರ್ಕ್ ಕೇಳಿದರೆ ತಲೆ ತಗ್ಗಿಸುತ್ತಾರೆ. ಊರು ಅವರಿಗೆ ಕೊಡುವ ಹೆಸರು ಒಂದೇ: ಸೋಮಾರಿ. ಈ ಪದ ಕಾರಣವನ್ನು ತಿಳಿಸುವುದಿಲ್ಲ, ತೀರ್ಪನ್ನು ಮಾತ್ರ ನೀಡುತ್ತದೆ. ತೀರ್ಪು ಹೊರಬಿದ್ದ ಮೇಲೆ ಕಾರಣವನ್ನು ಹುಡುಕುವವರು ಯಾರು?

ಇದು ಕೇವಲ ಅಂಕಗಳ ಪ್ರಶ್ನೆಯಲ್ಲ. ಕೆಲಸ ಮುಗಿಸಲಾಗದ ಮಗು ಮೊದಲು ನೋಟ್‌ಬುಕ್ ತರುವುದನ್ನು ಬಿಡುತ್ತದೆ. ಬಳಿಕ ಆ ಪಾಠವಿರುವ ದಿನ ಬರುವುದನ್ನು ಬಿಡುತ್ತದೆ. ಕೊನೆಗೆ ಶಾಲೆಯನ್ನೇ ಬಿಡುತ್ತದೆ. ನಮ್ಮ ಸುತ್ತ ಗುಲಾಬಿ ತೋಟಗಳಿವೆ, ತರಕಾರಿ ಹೊಲಗಳಿವೆ, ಹೊಸೂರಿನ ಕಾರ್ಖಾನೆಗಳು ದೂರವಿಲ್ಲ. ಓದು ಬಿಟ್ಟ ಹುಡುಗನನ್ನು ಕೂಲಿ ಬಹುಬೇಗ ಕರೆದುಕೊಳ್ಳುತ್ತದೆ. ಆದುದರಿಂದ ಮಗುವಿನ ಕೆಲಸದ ಅಭ್ಯಾಸವೆಂಬುದು ಅದು ಶಾಲೆಯಲ್ಲಿ ಉಳಿಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ವಿಷಯ.

ಕಾರಣಗಳನ್ನು ನೋಡೋಣ. ರಾಗಿ ತೆನೆಗಟ್ಟುವ ಕಾಲದಲ್ಲಿ ಸಾನಮಾವು ಕಾಡಿಗೆ ಆನೆಗಳ ಹಿಂಡು ಬಂದರೆ ನಮ್ಮ ಊರುಗಳಲ್ಲಿ ನಿದ್ದೆ ಇರುವುದಿಲ್ಲ. ಹಿರಿಯರು ಹೊಲ ಕಾಯುತ್ತಾರೆ; ಪಟಾಕಿಯ ಸದ್ದಿಗೆ ಮಕ್ಕಳು ಎದ್ದು ಕೂರುತ್ತಾರೆ. ಮರುದಿನ ಬೆಳಗ್ಗೆ ಗಣಿತದ ಅವಧಿಯಲ್ಲಿ ತೂಕಡಿಸುವ ಮಗುವಿಗೆ ಬೇಕಾದದ್ದು ಗದರಿಕೆಯಲ್ಲ. ಹೂ ಬಿಡಿಸಿ ಬರುವ ಮಗುವಿನದೂ ಇದೇ ಕಥೆ. ನಸುಕಿನಲ್ಲಿಯೇ ಒಂದು ಹೊತ್ತಿನ ದುಡಿಮೆ ಮುಗಿಸಿ ಬಂದವರನ್ನು ಸೋಮಾರಿ ಎನ್ನುವುದು ಯಾವ ನ್ಯಾಯ?

ಎರಡನೆಯದು ಭಾಷೆಯ ಭಾರ. 2006ರ ತಮಿಳು ಕಲಿಕಾ ಕಾಯ್ದೆಯ ತರುವಾಯ ನಮ್ಮ ಮಕ್ಕಳು ಕನ್ನಡ, ತಮಿಳು, ಇಂಗ್ಲಿಷ್ ಎಂಬ ಮೂರು ಲಿಪಿಗಳನ್ನು ಕಲಿಯಬೇಕಾಗಿದೆ. ಹಲವರ ಮನೆಮಾತು ತೆಲುಗು. ಕನ್ನಡದಲ್ಲಿ ಕ, ಖ, ಗ, ಘ ಎಂದು ನಾಲ್ಕು ಅಕ್ಷರಗಳಿವೆ. ತಮಿಳಿನಲ್ಲಿ ಆ ಜಾಗದಲ್ಲಿ ಒಂದೇ ಅಕ್ಷರ. ಅದನ್ನು ಎಲ್ಲಿ ಹೇಗೆ ಉಚ್ಚರಿಸಬೇಕೆಂಬುದು ರೂಢಿಯಿಂದಲೇ ಬರಬೇಕು. ಕನ್ನಡ ಪಾಠದಲ್ಲಿ ಚುರುಕಾಗಿರುವ ಮಗು ತಮಿಳು ಪಾಠದಲ್ಲಿ ಪೆನ್ಸಿಲ್ ಕಚ್ಚುತ್ತ ಕುಳಿತರೆ ಅದರ ಸ್ವಭಾವ ಒಂದು ಗಂಟೆಯಲ್ಲಿ ಬದಲಾಯಿತೇ? ಇಲ್ಲ. ಮುಂದಿನ ಹೆಜ್ಜೆ ಅದಕ್ಕೆ ಕಾಣುತ್ತಿಲ್ಲ.

ಮೂರನೆಯ ಕಾರಣವೇ ಅತ್ಯಂತ ಸಾಮಾನ್ಯವಾದುದು. ಎಲ್ಲಿಂದ ಆರಂಭಿಸಬೇಕು ಎಂಬುದೇ ಕೆಲವು ಮಕ್ಕಳಿಗೆ ತಿಳಿಯದು. ಇಪ್ಪತ್ತು ಲೆಕ್ಕಗಳನ್ನು ಒಟ್ಟಿಗೆ ಕಂಡಾಗ ಮೊದಲನೆಯದೂ ಬೆಟ್ಟವಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಎರಡು ವಾರ ಗಮನಿಸಬೇಕು. ಕೆಲಸ ನಿಲ್ಲುವುದು ಆರಂಭದಲ್ಲಿಯೋ, ನಡುವೆಯೋ, ಕೊನೆಯಲ್ಲಿಯೋ ಎಂದು ಶಿಕ್ಷಕರು ಬರೆದಿಡಬೇಕು. ಆರಂಭದಲ್ಲಿ ನಿಲ್ಲುವ ಮಗುವಿನ ಪಕ್ಕದಲ್ಲಿ ಕುಳಿತು ಮೊದಲ ಲೆಕ್ಕವನ್ನು ಜೊತೆಯಾಗಿ ಮಾಡಬೇಕು. ನಡುವೆ ನಿಲ್ಲುವ ಮಗುವಿಗೆ ಐದೇ ಲೆಕ್ಕ, ಹತ್ತೇ ನಿಮಿಷ ಕೊಡಬೇಕು. ಆದರೆ ಆ ಐದನ್ನು ಅಂದೇ ಮುಗಿಸಬೇಕು. ಕೊನೆಯಲ್ಲಿ ಬಿಡುವ ಮಗುವಿಗೆ ಮುಗಿಸಿದ್ದನ್ನು ತೋರಿಸುವ ಒಂದು ಜಾಗ, ಒಂದು ಹೊತ್ತು ಗೊತ್ತಾಗಿರಬೇಕು. ಹೊಗಳುವಾಗಲೂ ‘ಜಾಣ’ ಎನ್ನದೆ, ‘ಇಂದು ಕೇಳದೆಯೇ ಪುಸ್ತಕ ತೆರೆದೆ’ ಎಂದು ಮಾಡಿದ ಕೆಲಸವನ್ನೇ ಹೆಸರಿಸಬೇಕು. ನೂರು ಸಲ ಬರೆಯಿಸುವ ಇಂಪೊಸಿಷನ್ ಇದಕ್ಕೆ ಮದ್ದಲ್ಲ. ಬರವಣಿಗೆಯೇ ಶಿಕ್ಷೆಯಾದ ಮೇಲೆ ಅದನ್ನು ಪ್ರೀತಿಸುವವರಾರು? ಆಟದ ಅವಧಿಯನ್ನು ಕಿತ್ತುಕೊಳ್ಳುವುದೂ ಅಷ್ಟೇ. ಆ ಮಗು ಶಾಲೆಗೆ ಬರಲು ಉಳಿದಿರುವ ಕಾರಣ ಅದೊಂದೇ ಆಗಿರಬಹುದು.

ಇಷ್ಟು ಸಹಾಯ ಮಾಡಿದರೆ ಮಗು ಪರಾವಲಂಬಿಯಾಗದೇ ಎಂದು ಪೋಷಕರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದು. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ವಿದ್ವಾಂಸರು ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ಕಲಿಸುವವರ ನೆರವು ಹೇಗಿರಬೇಕೆಂದು ಪರಿಶೀಲಿಸಿದರು. ಅಂತಹ ನೆರವಿಗೆ ಅವರು ಕೊಟ್ಟ ಹೆಸರು ಕಟ್ಟಡಕ್ಕೆ ಕಟ್ಟುವ ಸಾರುವೆಯದು. ಗೋಡೆ ಏಳುವಾಗ ಸಾರುವೆ ಬೇಕು. ಗೋಡೆ ನಿಂತ ಮೇಲೆ ಅದನ್ನು ಬಿಚ್ಚಬೇಕು. ಈ ವಾರ ಮೊದಲ ಲೆಕ್ಕವನ್ನು ಜೊತೆಯಲ್ಲಿ ಮಾಡಿದವರು ಮುಂದಿನ ವಾರ ಪಕ್ಕದಲ್ಲಿ ನಿಂತರೆ ಸಾಕು; ಅದರ ಮುಂದಿನ ವಾರ ದೂರದಿಂದ ನೋಡಿದರೆ ಸಾಕು. ಬಿಚ್ಚದ ಸಾರುವೆಯೂ ತಪ್ಪು, ಕಟ್ಟದ ಸಾರುವೆಯೂ ತಪ್ಪು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟರೆ ಸಾಲದು. ಬೆತ್ತದಂತಹ ಮಾತನ್ನೂ ಕೆಳಗಿಡಬೇಕು. ಇದರರ್ಥ ಕೆಲಸದಲ್ಲಿ ಸಡಿಲ ಬಿಡುವುದಲ್ಲ. ಮಗುವಿನ ಮೇಲೆ ಮೃದುವಾಗಿದ್ದು, ಕೆಲಸದ ವಿಷಯದಲ್ಲಿ ಬಿಗಿಯಾಗಿರುವುದು ಸಾಧ್ಯ.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಓದು ಬಾರದ ತಾಯಂದಿರೂ ಇದರಲ್ಲಿ ಪಾಲ್ಗೊಳ್ಳಬಹುದು. ಮಗುವಿಗೆ ಕೂರಲು ಒಂದು ಮೂಲೆ, ಟಿ.ವಿ., ಮೊಬೈಲ್ ಇಲ್ಲದ ಅರ್ಧ ಗಂಟೆ ಕೊಡಿ. ‘ಇವತ್ತು ಏನು ಮುಗಿಸಿದೆ, ತೋರಿಸು ಕಂದ’ ಎಂದು ಕೇಳಿ. ಆನೆ ಬಂದ ರಾತ್ರಿಯ ಮರುದಿನ ಒಂದು ಮಾತು ನಮಗೆ ತಿಳಿಸಿ. ಹಿರಿಯ ವಿದ್ಯಾರ್ಥಿಗಳು ಶಾಲೆಗೆ ಏನು ಕೊಡಬೇಕೆಂದು ಕೇಳುತ್ತಿದ್ದೀರಿ. ಕಟ್ಟಡದಷ್ಟೇ ಅಮೂಲ್ಯವಾದುದು ವಾರಕ್ಕೊಂದು ಸಂಜೆ. ಅಂತಹ ಒಂದು ಮಗುವಿನ ಪಕ್ಕದಲ್ಲಿ ಕುಳಿತು ಮೊದಲ ಲೆಕ್ಕವನ್ನು ಜೊತೆಯಾಗಿ ಮಾಡಿ. ಈ ನೆಲದಲ್ಲಿ ಕನ್ನಡ ಶಾಲೆ ಉಳಿಯುವುದು ಅದರ ಕೊನೆಯ ಬೆಂಚಿನ ಮಗು ಉಳಿದಾಗ ಮಾತ್ರ.