ಇನ್ನೊಂದು ವಾರ ತಾಳಿ, ಹುಣಸೆ ದೋರೆಯಾಗಲಿ

ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದಿದೆ, ಶಿವರಾತ್ರಿ ಇನ್ನೂ ಬಂದಿಲ್ಲ. ಈ ದಿನಗಳಲ್ಲಿ ಚನ್ನರಾಯನದುರ್ಗದ ಸುತ್ತಮುತ್ತ ಬೆಳಗ್ಗೆ ಕಂಬಳಿ ಬಿಡಲು ಮನಸ್ಸಾಗದು, ಮಧ್ಯಾಹ್ನ ನೆರಳು ಬಿಡಲು ಮನಸ್ಸಾಗದು. ಮೋಡವಿಲ್ಲ, ಗಾಳಿಯಲ್ಲಿ ತೇವ ಕಡಿಮೆ. ಹಗಲೆಲ್ಲ ನೆಲ ಹೀರಿಕೊಂಡ ಬಿಸಿ ರಾತ್ರಿ ತಡೆಯಿಲ್ಲದೆ ಆಕಾಶಕ್ಕೆ ಹೊರಟುಹೋಗುತ್ತದೆ. ದುರ್ಗದ ಬಂಡೆ ಮಾತ್ರ ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಸಂಜೆ ಅದಕ್ಕೆ ಬೆನ್ನು ಕೊಟ್ಟು ಕೂತು ಹುರಿದ ಕಡಲೆಕಾಯಿ ಬಿಡಿಸಿಕೊಂಡು ತಿನ್ನುವ ಸುಖ ಆ ಕಡೆಯ ಮಕ್ಕಳಿಗೆ ಗೊತ್ತು.

ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡದ ಮಕ್ಕಳು ಈ ಹೊತ್ತಿನಲ್ಲಿ ಶಾಲೆಗೆ ಹೋಗುವಾಗ ತಲೆ ಎತ್ತಿಕೊಂಡೇ ನಡೆಯುತ್ತಾರೆ. ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ, ಗುಡಿಯ ಹಿಂದೆ ಎಲ್ಲೆಲ್ಲೂ ಹುಣಸೆ ಮರ, ಮರದ ತುಂಬ ಕಾಯಿ. ಇದು ಮಳೆ ಕಡಿಮೆ ಬೀಳುವ ಸೀಮೆ. ಇಲ್ಲಿ ಎಷ್ಟೋ ಬೆಳೆಗಳು ಸೋತ ವರ್ಷವೂ ಹುಣಸೆ ನಿಲ್ಲುತ್ತದೆ, ಏಕೆಂದರೆ ಅದರ ಬೇರು ನೆಲದ ಆಳಕ್ಕೆ ಇಳಿದಿರುತ್ತದೆ. ನೂರು ವರ್ಷ ದಾಟಿದ ಮರವೂ ಕಾಯಿ ಬಿಡುತ್ತದೆ. ದೇವನಹಳ್ಳಿಯ ಹತ್ತಿರದ ನಲ್ಲೂರಿನಲ್ಲಿ ಇಂಥ ಹಳೆಯ ಹುಣಸೆ ಮರಗಳದ್ದೇ ಒಂದು ತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ನಮ್ಮ ದೇಶದಲ್ಲಿ ಆ ಹೆಸರು ಪಡೆದ ಮೊದಲ ಜಾಗ ಅದೇ.

ಕಾಯಿ ಕಂಡ ಮಕ್ಕಳು ಕಲ್ಲು ಹುಡುಕುತ್ತಾರೆ. ಅಷ್ಟರಲ್ಲಿ ಯಾರ ಮನೆಯ ಜಗಲಿಯಿಂದಲೋ ಅಜ್ಜಿಯ ದನಿ ಬರುತ್ತದೆ: "ತಾಳ್ರಪ್ಪ, ಇನ್ನೊಂದು ವಾರ ಹೋಗ್ಲಿ. ಎಳೇದು ತಿಂದ್ರೆ ಹಲ್ಲು ಜುಮ್ಮಂತವೆ." ಅಜ್ಜಿ ಯಾಕೆ ತಾಳು ಅಂತಾಳೆ? ಆ ಒಂದು ವಾರದಲ್ಲಿ ಮರ ಏನು ಮಾಡುತ್ತದೆ? ತಾಳುವುದು ನಮಗೆ ಯಾಕೆ ಅಷ್ಟು ಕಷ್ಟ?

ಮೊದಲು ಮರದ ಕೆಲಸ ನೋಡೋಣ. ಮುಂಗಾರಿನ ಹೊತ್ತಿಗೆ ಬಿಟ್ಟ ಹೂವು, ಹಳದಿ ಎಸಳಿನ ಮೇಲೆ ಕೆಂಪು ಗೆರೆ ಎಳೆದ ಆ ಪುಟ್ಟ ಹೂವು, ಹಣ್ಣಾಗಲು ಎಂಟೊಂಬತ್ತು ತಿಂಗಳು ಬೇಕು. ಎಳೆಗಾಯಿಯ ಒಳಗೆ ಬೀಜ ಇನ್ನೂ ಮೆತ್ತಗೆ, ಬಿತ್ತಿದರೆ ಮೊಳೆಯದು. ಆಗಲೇ ಯಾರಾದರೂ ತಿಂದುಬಿಟ್ಟರೆ ಮರದ ಶ್ರಮವೆಲ್ಲ ಹಾಳು. ಬೀಜ ಬಲಿಯುವ ತನಕ ಕಾಯಿ ಬರೀ ಹುಳಿಯಾಗಿ, ಒಗರಾಗಿ ಇರುವುದರಿಂದ ಅದಕ್ಕೆ ಕಾವಲು ಸಿಕ್ಕಂತಾಯಿತು. ಬೀಜ ಗಟ್ಟಿಯಾದ ಮೇಲೆ ತಿರುಳಿನಲ್ಲಿ ಸಕ್ಕರೆ ತುಂಬುತ್ತದೆ. ಆಗ ಕೋತಿ ಬಂದು ತಿರುಳು ಚೀಪಿ ಬೀಜ ಉಗುಳಿದರೆ ಮರಕ್ಕೆ ಲಾಭವೇ.

ಮಾವು ಹಣ್ಣಾಗುವಾಗ ಹುಳಿ ಕಡಿಮೆಯಾಗುತ್ತಾ ಸಿಹಿ ಏರುತ್ತದೆ. ಹುಣಸೆಯ ದಾರಿ ಬೇರೆ. ಅದರ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ಕಾಯಿ ಹಣ್ಣಾದರೂ ಆ ಆಮ್ಲ ಕರಗಿಹೋಗುವುದಿಲ್ಲ, ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಏರುವುದು ಸಕ್ಕರೆ ಮಾತ್ರ. ಹಣ್ಣಿನ ತಿರುಳಿನಲ್ಲಿ ನೂರಕ್ಕೆ 25ರಿಂದ 45 ಪಾಲು ಸಕ್ಕರೆ, 8ರಿಂದ 18 ಪಾಲು ಟಾರ್ಟಾರಿಕ್ ಆಮ್ಲ ಇರುತ್ತದೆ. ಅಷ್ಟೊಂದು ಸಿಹಿ ಇದ್ದೂ ಹುಣಸೆಹಣ್ಣು ಹುಳಿ ಅನ್ನಿಸುವುದು ಇದರಿಂದಲೇ. ಬರೀ ಹುಳಿಯ ಕಾಯಿಗೂ ಬಲಿತ ಹಣ್ಣಿಗೂ ನಡುವಿನ ದೋರೆಗಾಯಿಯಲ್ಲಿ ಸಿಹಿ ಆಗ ತಾನೇ ಸೇರುತ್ತಿರುತ್ತದೆ, ತಿರುಳಿನಲ್ಲಿ ನೀರಿನಂಶ ಇನ್ನೂ ಇರುತ್ತದೆ. ನನ್ನನ್ನು ಕೇಳಿದರೆ ಅಷ್ಟು ರುಚಿ ಹಣ್ಣಿಗೂ ಇಲ್ಲ.

ದೋರೆಯಾಗಿದೆಯೋ ಇಲ್ಲವೋ ತಿಳಿಯಲು ಉಪಕರಣ ಬೇಡ, ಉಗುರು ಸಾಕು. ಸಿಪ್ಪೆ ಕೆರೆದಾಗ ಒಳಗೆ ಹಸಿರು ಕಂಡರೆ ಇನ್ನೂ ಎಳೆಯದು. ಬಲಿಯುತ್ತಾ ಹೋದಂತೆ ಹಸಿರು ಮಾಯವಾಗಿ ಕಂದು ಬರುತ್ತದೆ. ಆಮೇಲೆ ತಿರುಳಿನ ನೀರು ಆರಿ, ತಿರುಳು ಕುಗ್ಗಿ ಸಿಪ್ಪೆಯಿಂದ ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಈಗಿನ ಒಣ ಹವೆ, ಹಗಲಿನ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಇಂಥ ಹೊತ್ತಿನಲ್ಲಿ ಅಕಾಲದ ಮಳೆ ಬಿದ್ದರೆ ಹುಣಸೆ ನಂಬಿದ ಮನೆಗಳಲ್ಲಿ ಊಟ ಸೇರುವುದಿಲ್ಲ.

ಇಷ್ಟು ಓದುವಷ್ಟರಲ್ಲಿ ನಿಮ್ಮ ಬಾಯಲ್ಲಿ ನೀರು ಬಂತೇ? ಕಾಗದದ ಮೇಲೆ ಒಂದು ತೊಟ್ಟು ಹುಳಿಯೂ ಇಲ್ಲವಲ್ಲ! ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಇರುವ ಗ್ರಂಥಿಗಳು ಜೊಲ್ಲು ಸುರಿಸುತ್ತವೆ. ಅವುಗಳನ್ನು ಹುಳಿ ಕೆರಳಿಸುವಷ್ಟು ಜೋರಾಗಿ ಬೇರೆ ರುಚಿ ಕೆರಳಿಸದು. ಜೊಲ್ಲು ಬಂದು ಆಮ್ಲವನ್ನು ತೆಳುವು ಮಾಡುತ್ತದೆ, ಹಲ್ಲನ್ನು ಕಾಯುತ್ತದೆ. ಒಮ್ಮೆ ಹುಣಸೆ ತಿಂದ ಮಿದುಳು ಆ ರುಚಿಯನ್ನು ಹೆಸರಿನ ಜೊತೆ ಕಟ್ಟಿಟ್ಟುಕೊಳ್ಳುತ್ತದೆ. ಮುಂದೆ ಹೆಸರು ಕೇಳಿದರೂ ಸಾಕು, ಗ್ರಂಥಿಗೆ ಅಪ್ಪಣೆ ಹೋಗುತ್ತದೆ. ಹುಣಸೆಯನ್ನೇ ಕಾಣದ ಪುಟ್ಟ ಕೂಸಿನ ಮುಂದೆ ಎಷ್ಟು ಹೇಳಿದರೂ ಅದರ ಬಾಯಲ್ಲಿ ನೀರೂರದು. ಕಲಿತದ್ದರಿಂದ ಹೀಗೆ ಜೊಲ್ಲು ಬರುತ್ತದೆಂದು ನಾಯಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದವರು ರಷ್ಯಾದ ಇವಾನ್ ಪಾವ್ಲೋವ್. ಜೀರ್ಣಕ್ರಿಯೆಯ ಅಧ್ಯಯನಕ್ಕೆ ಅವರಿಗೆ 1904ರಲ್ಲಿ ನೊಬೆಲ್ ಬಂದಿತ್ತು.

ಬಾಯಿ ಹೀಗೆ ಸಿದ್ಧವಾಗಿ ಕೂತಾಗ ತಾಳುವುದು ಸುಲಭವಲ್ಲ. ಅದೂ ಮಕ್ಕಳಿಗೆ ಇನ್ನೂ ಕಷ್ಟ. ಹಣೆಯ ಹಿಂದೆ ಇರುವ ಮಿದುಳಿನ ಮುಂಭಾಗ "ಈಗ ಬೇಡ, ಆಮೇಲೆ" ಎಂದು ಹೇಳಲು ನೆರವಾಗುತ್ತದೆ. ಆ ಭಾಗ ಪೂರ್ತಿ ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಆದ್ದರಿಂದ ನಿಮ್ಮ ಕೈಲಿ ತಾಳಲು ಆಗಲಿಲ್ಲ ಅಂದರೆ ನೀವು ಕೆಟ್ಟ ಮಕ್ಕಳೇನಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಸುಮಾರು 1970ರ ಹೊತ್ತಿಗೆ ಪುಟ್ಟ ಮಕ್ಕಳ ಮುಂದೆ ತಿಂಡಿ ಇಟ್ಟು, "ಈಗಲೇ ತಿಂದರೆ ಇಷ್ಟೇ, ನಾನು ವಾಪಸು ಬರುವ ತನಕ ಕಾದರೆ ಇನ್ನೂ ಹೆಚ್ಚು" ಎಂದು ಹೇಳಿ ಹೊರಗೆ ಹೋಗುತ್ತಿದ್ದರು. ತಿಂಡಿ ಕಣ್ಣೆದುರೇ ಇದ್ದಾಗ ಮಕ್ಕಳು ಬೇಗ ಸೋತರು. ಅದನ್ನು ಮುಚ್ಚಿಟ್ಟಾಗ, ಅಥವಾ ಮಕ್ಕಳು ಬೇರೆ ಏನಾದರೂ ಖುಷಿಯ ಸಂಗತಿ ನೆನೆಯುತ್ತಾ ಕೂತಾಗ ಹೆಚ್ಚು ಹೊತ್ತು ಕಾದರು. ನಮ್ಮ ಅಜ್ಜಿಯರು ಚಕ್ಕುಲಿ ಡಬ್ಬಿಯನ್ನು ಅಟ್ಟದ ಮೇಲೆ ಇಡುವುದೂ ಅದಕ್ಕೇ. ಕಣ್ಣಿಗೆ ಬೀಳದ ತಿಂಡಿ ಅಷ್ಟು ಕಾಡುವುದಿಲ್ಲ.

ಹಾಗೆ ಕಾದ ಮಕ್ಕಳೇ ಮುಂದೆ ಜಾಣರಾಗುತ್ತಾರೆ ಎಂಬ ಮಾತು ಬಹಳ ಕಾಲ ಓಡಾಡಿತು. 2018ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಕ್ಕಳ ವಿವರ ನೋಡಿದ ಇನ್ನೊಂದು ಅಧ್ಯಯನ ಬಂತು. ಮನೆಯ ಅನುಕೂಲ, ತಾಯಿಯ ಓದು ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಆ ನಂಟು ಬಹಳ ಸಣ್ಣದಾಯಿತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು 2013ರಲ್ಲಿ ಪ್ರಕಟವಾದ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರ ಪ್ರಯೋಗ. ಅವರು ಮೊದಲು ಕೆಲವು ಮಕ್ಕಳಿಗೆ "ಚೆಂದದ ಬಣ್ಣಗಳನ್ನು ತರುತ್ತೇನೆ" ಎಂದು ಹೇಳಿ ತಂದುಕೊಟ್ಟರು. ಇನ್ನು ಕೆಲವರಿಗೆ ಹಾಗೆಯೇ ಹೇಳಿ ಬರಿಗೈಲಿ ಬಂದರು. ಆಮೇಲೆ ತಿಂಡಿಯ ಪರೀಕ್ಷೆ. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರನ್ನು ಕಂಡ ಮಕ್ಕಳು 3 ನಿಮಿಷ.

ಇದನ್ನು ಮಕ್ಕಳಿಗೆ ಓದಿ ಹೇಳುವ ದೊಡ್ಡವರಿಗೂ ಒಂದು ಮಾತಿದೆ. "ಇನ್ನೊಂದು ವಾರ ತಾಳು" ಅಂದಿರಿ, ಸರಿ. ವಾರ ಕಳೆದ ಮೇಲೆ ಮರೆಯಬೇಡಿ, ಕೋಲು ಹಿಡಿದು ಮರದ ಕೆಳಗೆ ಬನ್ನಿ. ಮಗು ತಾಳುವುದು ನಿಮ್ಮ ಮಾತನ್ನು ನಂಬಿ.

ತಾಳಿದ್ದಕ್ಕೆ ಸಿಗುವುದು ಒಂದೆರಡು ಬಗೆಯ ಸುಖವಲ್ಲ. ದೋರೆಗಾಯಿಗೆ ಉಪ್ಪು, ಖಾರದ ಪುಡಿ. ಹಣ್ಣಾದ ಮೇಲೆ ಬೆಲ್ಲ, ಜೀರಿಗೆ, ಉಪ್ಪು, ಮೆಣಸಿನಕಾಯಿ ಸೇರಿಸಿ ಕುಟ್ಟಿ ಕಡ್ಡಿಗೆ ಸಿಕ್ಕಿಸಿದ ಕುಟ್ಟುಂಡೆ. ಬೀಜ ಹುರಿದರೆ ಕಟುಕಟು ಎಂದು ಕಡಿಯಲು ಇಡೀ ಮಧ್ಯಾಹ್ನ ಸಾಲದು, ಎರಡು ಹೋಳು ಮಾಡಿದರೆ ಚೌಕಾಬಾರಕ್ಕೆ ದಾಳ. ಹೊಸ ಹುಣಸೆಗೆ ಉಪ್ಪು ಬೆರೆಸಿ ಅಮ್ಮ ಜಾಡಿಯಲ್ಲಿ ತುಂಬಿಟ್ಟರೆ ವರ್ಷವಿಡೀ ಸಾರಿಗಾಯಿತು.

ಈಗ ನೀವು ಮಾಡಬಹುದಾದ ಒಂದು ಪ್ರಯೋಗ. ಕಪ್ಪಾದ ತಾಮ್ರದ ಚೊಂಬಿನ ಒಂದು ಪಕ್ಕಕ್ಕೆ ನೆನೆಸಿದ ಹುಣಸೆಹಣ್ಣು ಉಜ್ಜಿ, ಇನ್ನೊಂದು ಪಕ್ಕಕ್ಕೆ ಬರೀ ನೀರು. ಸ್ವಲ್ಪ ಹೊತ್ತಿಗೆ ಹುಣಸೆ ತಾಗಿದ ಕಡೆ ಹೊಳೆಯುತ್ತದೆ. ಗಾಳಿಯ ಆಮ್ಲಜನಕ ಸೇರಿ ತಾಮ್ರದ ಮೇಲೆ ಕೂತ ಕಪ್ಪು ಪದರವನ್ನು ಆಮ್ಲ ಕರಗಿಸುತ್ತದೆ. ಹಲ್ಲಿನ ಹೊರಪದರ ಎನಾಮೆಲ್ ಕೂಡ ಆಮ್ಲ ತಾಗಿದರೆ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ. ಆದ್ದರಿಂದ ಹುಣಸೆ ತಿಂದ ಕೂಡಲೇ ಹಲ್ಲುಜ್ಜಬೇಡಿ. ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಜೊಲ್ಲು ತನ್ನ ಕೆಲಸ ಮಾಡುತ್ತದೆ.

ಎತ್ತರದ ಕೊಂಬೆಗೆ ಹತ್ತಬೇಡಿ, ರಸ್ತೆ ಬದಿಯ ಮರಕ್ಕೆ ಕಲ್ಲು ಬೀರಬೇಡಿ. ಹುಣಸೆ ಹಣ್ಣಾದ ಮೇಲೂ ತಿಂಗಳುಗಟ್ಟಲೆ ಕೊಂಬೆಯಲ್ಲೇ ನೇತಾಡುತ್ತದೆ, ಎಲ್ಲಿಗೂ ಹೋಗುವುದಿಲ್ಲ. ದೊಡ್ಡವರು ಮರ ಬಡಿಯುವ ದಿನ ಚೀಲ ಹಿಡಿದು ಆಯಲು ಹೋಗಿ.