ಜೆಟ್ಟಿನೊಳಗಣ ಕ್ಯಾಮೆರಾ

ಪುಷ್ಪಕವಿಮಾನದಲ್ಲಿ ಕುಳಿತ ರಾಮನು ಕೆಳಗಣ ಕಡಲನ್ನೂ ಕಾಡನ್ನೂ ಸೀತೆಗೆ ತೋರಿಸುತ್ತ ಬರುವ ವರ್ಣನೆ ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗದಲ್ಲಿದೆ. ಆ ವಿಮಾನ ರಾಮನ ಮನಸ್ಸು ಬಯಸಿದಂತೆ ನಡೆಯುತ್ತಿತ್ತಂತೆ. ಯುದ್ಧದ ಜೆಟ್ಟಿನಲ್ಲಿ ಕುಳಿತು ಛಾಯಾಚಿತ್ರ ತೆಗೆಯಹೊರಟವನಿಗೆ ಆ ಭಾಗ್ಯವಿಲ್ಲ.

ಅಷ್ಟು ವೇಗದಲ್ಲಿ ಚಿತ್ರ ಕಲಸಿಹೋಗುವುದಿಲ್ಲವೆ ಎಂದು ನೀವು ಕೇಳಬಹುದು. ಒಂದೇ ವೇಗದಲ್ಲಿ ಜೊತೆಜೊತೆಯಾಗಿ ಓಡುವ ಎರಡು ರೈಲುಗಾಡಿಗಳನ್ನು ನೆನೆಯಿರಿ. ಎದುರು ಕಿಟಕಿಯವನು ನಿಮ್ಮ ಕಣ್ಣಿಗೆ ಕದಲದೆ ಕುಳಿತಂತೆಯೇ ಕಾಣುವನಲ್ಲವೆ? ಇಲ್ಲಿಯೂ ಹಾಗೆಯೇ. 1985ರಲ್ಲಿ ಐರಿಷ್ ಸಮುದ್ರದ ಮೇಲೆ ಏಡ್ರಿಯನ್ ಮೆರೆಡಿತ್ ಎಂಬವರು ಬ್ರಿಟಿಷ್ ವಾಯುಪಡೆಯ ಟಾರ್ನೆಡೊ ಜೆಟ್ಟಿನಿಂದ ಕಾಂಕಾರ್ಡ್ ವಿಮಾನದ ಚಿತ್ರ ತೆಗೆದರು. ಶಬ್ದವನ್ನೂ ಹಿಂದಿಕ್ಕಿ ಹೋಗುತ್ತಿದ್ದ ಆ ಪ್ರಯಾಣಿಕ ವಿಮಾನ ಚಿತ್ರದಲ್ಲಿ ತೇಲುವ ಬೆಳ್ಳಕ್ಕಿಯಂತಿದೆ. ಟಾರ್ನೆಡೊಗೆ ಅದರ ಸರಿಸಮಕ್ಕೆ ಓಡಲು ಸಾಧ್ಯವಾದದ್ದು ಕೆಲವೇ ನಿಮಿಷ. ಚಿತ್ರದ ಕೀರ್ತಿಯಲ್ಲಿ ಅರ್ಧ ಭಾಗವನ್ನು ಸಾರಥಿಗೆ ಸಲ್ಲಿಸಬೇಕೆಂದೇ ನನ್ನ ಮತ.

ತೊಂದರೆಯಿರುವುದು ವೇಗದಲ್ಲಲ್ಲ, ತಿರುವಿನಲ್ಲಿ. ಜೆಟ್ಟು ಬಿರುಸಾಗಿ ತಿರುಗಿದಾಗ ಎಲ್ಲದರ ತೂಕವೂ ನಾಲ್ಕು ಮಡಿ, ಆರು ಮಡಿ ಆಗುವುದುಂಟು. ಎರಡು ಕಿಲೋ ತೂಗುವ ಕ್ಯಾಮೆರಾ ಆಗ ಹನ್ನೆರಡು ಕಿಲೋ! ಎತ್ತುವ ತೋಳೂ ಅಷ್ಟೇ ಭಾರ. ಮುಖವಾಡ, ಶಿರಸ್ತ್ರಾಣಗಳ ನಡುವೆ ಕಣ್ಣು ಕ್ಯಾಮೆರಾದ ಕಿಂಡಿಗೆ ತಾಗುವುದೇ ಕಷ್ಟ. ಮೇಲೆ ಕವುಚಿದ ಬಾಗುಗಾಜಿನಲ್ಲಿ ತನ್ನದೇ ಬಿಳಿ ಕೈಗವಸು ಪ್ರತಿಬಿಂಬಿಸಿದರೆ ಚಿತ್ರ ಕೆಟ್ಟಿತು. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮೆರಾವನ್ನು ಬಿಡಿಯಾಗಿ ಎಲ್ಲಿಯೂ ಇಡುವಂತಿಲ್ಲ.

ಏಕೆಂದಿರಾ? ಇದು ಕಾದಾಡುವ ಸಣ್ಣ ವಿಮಾನಗಳಿಗಷ್ಟೇ ಸಲ್ಲುವ ಮಾತೆಂದು ತಿಳಿಯಬೇಡಿ. ಬ್ರಿಟಿಷ್ ವಾಯುಪಡೆಯಲ್ಲಿ ವಾಯೇಜರ್ ಎಂಬ ದೊಡ್ಡ ಜೆಟ್ ವಿಮಾನವುಂಟು. ಇಂಧನವನ್ನೂ ಸೈನಿಕರನ್ನೂ ಹೊರುವಂಥದು. 2014ರ ಫೆಬ್ರುವರಿ 9ರಂದು ಅದು 198 ಜನರನ್ನು ಹೊತ್ತು ಇಂಗ್ಲೆಂಡಿನಿಂದ ಆಫ್ಘಾನಿಸ್ತಾನಕ್ಕೆ ಹೊರಟಿತ್ತು. ಕಪ್ಪು ಸಮುದ್ರದ ಮೇಲೆ, 33,000 ಅಡಿ ಎತ್ತರದಲ್ಲಿ, ಸಹಚಾಲಕನು ಆಸನ ಬಿಟ್ಟು ಹೊರಗೆ ಹೋಗಿದ್ದನು. ಒಬ್ಬನೇ ಉಳಿದ ನಾಯಕನು ಚಿತ್ರಗಳನ್ನು ತೆಗೆದು, ಕ್ಯಾಮೆರಾವನ್ನು ಪಕ್ಕದಲ್ಲಿ ಇಟ್ಟನು. ವಿಮಾನವನ್ನು ನಡೆಸುವ ಪುಟ್ಟ ದಂಡ ಇರುವುದೂ ಆ ಪಕ್ಕದಲ್ಲಿಯೇ. ಆಮೇಲೆ ಆತನು ಆಸನವನ್ನು ಮುಂದಕ್ಕೆ ಸರಿಸಿದನು. ಆಸನದ ತೋಳು ಕ್ಯಾಮೆರಾವನ್ನು ದೂಡಿತು, ಕ್ಯಾಮೆರಾ ದಂಡವನ್ನು ದೂಡಿತು. ವಿಮಾನ ಮೂತಿ ಕೆಳಗೆ ಮಾಡಿ ಧುಮುಕಿತು.

27 ಸೆಕೆಂಡುಗಳಲ್ಲಿ 4,400 ಅಡಿ! ಪಟ್ಟಿ ಕಟ್ಟಿಕೊಳ್ಳದವರು ಛಾವಣಿಗೆ ಹೋಗಿ ಬಡಿದರು, ಹಲವರಿಗೆ ಪೆಟ್ಟಾಯಿತು. ಸಹಚಾಲಕನು ಛಾವಣಿಯನ್ನೇ ಹಿಡಿದು ತೆವಳುತ್ತ ಒಳಗೆ ಬಂದನಂತೆ. ನಾಯಕನು ದಂಡವನ್ನು ಹಿಂದಕ್ಕೆ ಎಳೆದನು, ಅದು ಬಾರದು. ನಡುವೆ ಸಿಕ್ಕಿಕೊಂಡದ್ದು ಏನೆಂದು ಆ ಗಾಬರಿಯಲ್ಲಿ ಹೊಳೆಯುವುದು ಹೇಗೆ? ಅತಿವೇಗವನ್ನು ತಡೆಯಲೆಂದು ವಿಮಾನದಲ್ಲಿಯೇ ಅಳವಡಿಸಿದ್ದ ಯಂತ್ರವ್ಯವಸ್ಥೆ ತಾನಾಗಿ ಮೂತಿಯನ್ನು ಮೇಲೆತ್ತತೊಡಗಿತು. ವಿಮಾನವು ತುರ್ಕಿಯಲ್ಲಿ ಸುರಕ್ಷಿತವಾಗಿ ಇಳಿಯಿತು. ಯಂತ್ರದೋಷವೇನಾದರೂ ಇತ್ತೇ ಎಂದು ತನಿಖೆಯವರು ಹುಡುಕಿದರು, ಸಿಗಲಿಲ್ಲ. ಕೊನೆಗೆ ಕ್ಯಾಮೆರಾವನ್ನೇ ಪರೀಕ್ಷೆಗೆ ಒಡ್ಡಿದಾಗ, ಅದರ ಮೈಮೇಲೆ ದಂಡದ ಬುಡಕ್ಕೆ ಒತ್ತಿಕೊಂಡಿದ್ದ ಗುರುತು ಕಂಡುಬಂದಿತು.